ತಣ್ಣಗಾಗದ ಹೆಸರು

ಟಾರ್ಯೆ ಹೌಗ್‌ಲಂಡ್ ತೀರಿಕೊಂಡದ್ದು ಫೆಬ್ರವರಿಯ ಮಧ್ಯದಲ್ಲಿ. ನಮ್ಮ ಕಾಲ್ಡರ್ ಕೌಂಟಿಯಲ್ಲಿ ಸಾಯುವುದಕ್ಕೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ನೆಲ ಕಬ್ಬಿಣವಾಗಿರುತ್ತದೆ. ಗುಂಡಿ ತೋಡುವ ಮೊದಲು ಮೆಕ್ಕೆಜೋಳದ ದಿಂಡು ಸುರಿದು ಹಗಲಿಡೀ ಬೆಂಕಿ ಹಾಕಿ ಮಣ್ಣನ್ನು ಮೆತ್ತಗೆ ಮಾಡಬೇಕು. ಜೊತೆಗೆ ಮಾರ್ಚ್ ಒಂದು ಎದುರಿಗೇ ನಿಂತಿರುತ್ತದೆ. ಗುತ್ತಿಗೆಗೆ ಉಳುವವರೆಲ್ಲ ಅಷ್ಟರೊಳಗೆ ಮುಂದಿನ ವರ್ಷಕ್ಕೆ ಮಾತು ಪಡೆಯಬೇಕು. ಸಿಗದಿದ್ದರೆ ಆ ದಿನ ಒಲೆ, ಮಂಚ, ಕೋಳಿಗೂಡು ಎಲ್ಲ ಗಾಡಿಗೆ ಹೇರಿ ಹೊರಡಬೇಕು. ನಾನು ಉಳುತ್ತಿದ್ದದ್ದು ಟಾರ್ಯೆಯ ನೆಲ, ಇದ್ದದ್ದು ಆ ನೆಲದ ಮೂಲೆಯ ಮನೆಯಲ್ಲಿ. ಮಾತು ಕೊಡಬೇಕಾದ ಮನುಷ್ಯ ಈಗ ತನ್ನ ಹಜಾರದಲ್ಲಿ ಹಲಗೆಯ ಮೇಲೆ ಮಲಗಿದ್ದ.

ಅವನ ಹಿರಿಯ ಮಗ ಐಲೆಫ್ ಸಂಜೆ ಹಾಲು ಕರೆಯುವ ಹೊತ್ತಿಗೆ ನಮ್ಮ ಕೊಟ್ಟಿಗೆಗೆ ಬಂದ. ಬೂಟಿನ ಹಿಮವನ್ನು ಬಾಗಿಲ ಚೌಕಟ್ಟಿಗೆ ಒದ್ದು ಉದುರಿಸಿದ.

"ಹಾಲ್ವರ್, ಅಪ್ಪನ ಬಾಳಿನ ಕತೆ ಬರ್ದು ತಂದಿದೀನಿ. ನಾಡಿದ್ದು ಓದ್ಬೇಕಲ್ಲ ನೀನು."

ಚರ್ಚಿನಲ್ಲಿ ಗಂಟೆ ಹೊಡೆಯುವುದು, ಸ್ತೋತ್ರ ಎತ್ತಿಕೊಡುವುದು, ಸತ್ತವರ ಬಾಳನ್ನು ಶವದ ಪೆಟ್ಟಿಗೆಯ ಪಕ್ಕ ನಿಂತು ಓದುವುದು ನನ್ನ ಕೆಲಸ. ನನಗಿಂತ ಮೊದಲು ಅಪ್ಪ ಮಾಡುತ್ತಿದ್ದ. ಅವನು ನನಗೆ ಬಿಟ್ಟುಹೋದ ನೇಮ ಒಂದೇ: ಮನೆಯವರು ಬರೆದುಕೊಟ್ಟದ್ದನ್ನು ಓದು, ಕೂಡಿಸಬೇಡ, ಕಳೆಯಬೇಡ. ಕೊನೆಯಲ್ಲಿ ಸತ್ತವರಿಗಿಂತ ಮುಂದೆ ಹೋದವರ, ಅಂದರೆ ಮೊದಲೇ ತೀರಿಕೊಂಡ ಮನೆಯವರ ಹೆಸರು ಬರುತ್ತದೆ, ಆಮೇಲೆ ಬದುಕಿ ಉಳಿದವರ ಹೆಸರು. ಉಳಿದವರ ಹೆಸರು ಓದುತ್ತಿದ್ದಂತೆ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ, ಓದು ಮುಗಿಯುವವರೆಗೂ ನಿಂತೇ ಇರುತ್ತಾರೆ. ಸತ್ತವನನ್ನು ಅವನ ಸ್ವಂತದವರೇ ದೇವರ ಕೈಗೆ ಒಪ್ಪಿಸಬೇಕು ಎಂಬುದು ನಮ್ಮ ಹಿರಿಯರು ಕಡಲಾಚೆಯ ನಾರ್ವೆಯಿಂದ ತಂದ ನಂಬಿಕೆ.

ನಾನು ಕೈ ಒರೆಸಿಕೊಂಡು ಲಾಂದ್ರದ ಬೆಳಕಿಗೆ ಹಾಳೆ ಹಿಡಿದೆ. ಟಾರ್ಯೆ ಹುಟ್ಟಿದ ಊರು, ಹಡಗು, ಹುಲ್ಲುಹೆಂಟೆಯಲ್ಲಿ ಕಟ್ಟಿದ ಮೊದಲ ಮನೆ, ಮಿಡತೆ ಬಂದ ವರ್ಷ, ಎಲ್ಲ ಸರಿಯಾಗಿತ್ತು. ಕೊನೆಗೆ ಹೀಗಿತ್ತು: 'ಅವರಿಗಿಂತ ಮುಂದೆ ಹೋದವರು ಪತ್ನಿ ಬೆರ್ಗಿಟ್, ಮಗಳು ಗುನ್ವೋರ್. ಉಳಿದವರು ಮಗ ಐಲೆಫ್, ಮಗ ಶೂರ್.'

"ಗುನ್ವೋರ್ ಹೆಸರು ಇಲ್ಲಿ ಇನ್ನೊಂದ್ಸಲ ಬರ್ಬೇಕಲ್ವಾ?" ಎಂದೆ.

"ಯಾವ ಗುನ್ವೋರು?"

"ನಿಮ್ಮನೇಲಿ ಈಗ ಬ್ರೆಡ್ಡು ಸುಡ್ತಾ ಇರೋ ಗುನ್ವೋರು."

ಐಲೆಫ್ ಹಸುವಿನ ಬೆನ್ನಿನ ಮೇಲೆ ಕೈಯಿಟ್ಟ. "ಅಪ್ಪನಿಗೆ ಹುಟ್ಟಿದ ಗುನ್ವೋರ್ ಒಬ್ಳೇ. ಗಂಟಲು ಬೇನೆ ಬಂದು ಹೋದ್ಲು. ನೀನೇ ಗಂಟೆ ಹೊಡೆದಿದ್ದೆ. ಬರ್ದಿರೋದ್ರಲ್ಲಿ ಸುಳ್ಳು ಎಲ್ಲಿದೆ, ತೋರ್ಸು."

ಸುಳ್ಳು ಇರಲಿಲ್ಲ. ಮಗಳು ಹೋದ ಮರುವರ್ಷ, ನ್ಯೂಯಾರ್ಕಿನಿಂದ ಅನಾಥ ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದ ರೈಲು ಕಾಲ್ಡರಿನಲ್ಲಿ ನಿಂತಾಗ, ಬೆರ್ಗಿಟ್ ಒಂದು ಪುಟ್ಟ ಹುಡುಗಿಯನ್ನು ಕೈಹಿಡಿದು ಇಳಿಸಿಕೊಂಡಿದ್ದಳು. ನಮ್ಮಲ್ಲಿ ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರು. ಹೆಸರು ತಣ್ಣಗಾಗಬಾರದು ಎನ್ನುತ್ತಾರೆ. ಬೆರ್ಗಿಟ್‌ಗೆ ಮತ್ತೆ ಬಸಿರು ನಿಲ್ಲಲಿಲ್ಲ. ಮುಂದಿನ ಮಗು ರೈಲಿನಲ್ಲಿ ಬಂತು. ಪಾದ್ರಿ ನೀರು ಹಾಕಿ ಗುನ್ವೋರ್ ಎಂದು ಕರೆದರು. ಸತ್ತವಳ ಅಂಗಿ ಇವಳಿಗೆ ಸರಿಹೊಂದಿತು. ಕೌಂಟಿ ಕಚೇರಿಗೆ ಹೋಗಿ ದತ್ತು ಕಾಗದ ಮಾಡಿಸಿ ಎಂದು ಯಾರೋ ಹೇಳಿದಾಗ ಟಾರ್ಯೆ ನಕ್ಕನಂತೆ: ಹೆಸರು ಕೊಟ್ಟಾಯ್ತು, ಇನ್ನು ಕಾಗದ ಯಾಕೆ? ಆ ತಪ್ಪನ್ನು ನಮ್ಮ ಜನ ಮಾತ್ರ ಮಾಡಿಯಾರು.

"ನೆಲ ಮಾರ್ತಿದೀವಿ," ಎಂದ ಐಲೆಫ್. "ಪಟ್ಟಣದಲ್ಲಿ ದಾಖಲೆ ನೋಡೋ ವಕೀಲ ಇದಾನಲ್ಲ, ಸತ್ತವರ ಸುದ್ದಿ ಪೇಪರಿಂದ ಕತ್ತರ್ಸಿ ಇಟ್ಕೊಳ್ತಾನೆ. ಅದ್ರಲ್ಲಿರೋ ಮಕ್ಕಳೆಲ್ಲ ಸಹಿ ಹಾಕದೆ ಮಾರಾಟದ ಪತ್ರ ಆಗಲ್ಲ. ಅವಳ ಹೆಸರು ಪೇಪರಲ್ಲಿ ಬಂದ್ರೆ ಅವಳ ಸಹಿನೂ ಬೇಕು. ಅವಳು ಹಾಕ್ತಾಳಾ? ಆ ಅಡುಗೆಮನೆ ಬಿಟ್ಟು ಅಲ್ಲಾಡೋಳಲ್ಲ."

"ಅವಳು ಎಲ್ಲಿಗೆ ಹೋಗ್ಬೇಕು?"

"ಪಟ್ಟಣದ ಹೋಟ್ಲಲ್ಲಿ ಹೆಂಗಸು ಬೇಕಂತೆ. ಮಾತಾಡಿದೀನಿ. ನಿಂದೂ ಮಾತಾಡಿದೀನಿ, ಹಾಲ್ವರ್. ಕೊಳ್ಳೋನು ನಿನ್ನನ್ನೇ ಇಟ್ಕೋತಾನೆ." ಬಾಗಿಲವರೆಗೆ ಹೋಗಿ ತಿರುಗಿದ. "ಮಾರ್ಚ್ ಒಂದು ಹತ್ರ ಬಂತಲ್ವಾ?"

ಊಟದ ಮೇಜಿನಲ್ಲಿ ನನ್ನ ಹೆಂಡತಿ ಮಾರ್ತಾಳಿಗೆ ಹಾಳೆ ತೋರಿಸಿದೆ. ಅವಳು ಆಲೂಗಡ್ಡೆ ಸುಲಿಯುತ್ತಲೇ ಓದಿದಳು.

"ಬಲೇ ಜಾಣ. ಬದುಕಿರೋಳನ್ನ ಹೂತುಬಿಟ್ಟಿದಾನೆ. ಗುಂಡಿ ತೋಡೋ ಖರ್ಚೂ ಇಲ್ಲ."

"ನಾನು ಕೂಡಿಸೋ ಹಾಗಿಲ್ಲ ಮಾರ್ತಾ."

"ನಾನೇನಾದ್ರೂ ಹೇಳಿದ್ನಾ?" ಚಾಕುವಿನ ತುದಿಯಿಂದ ಆಲೂಗಡ್ಡೆಯ ಕಣ್ಣು ಕೀಳುತ್ತ ಕೇಳಿದಳು: "ಒಲೆ ಬಿಚ್ಚೋದಾದ್ರೆ ಮುಂಚೆನೇ ಹೇಳ್ಬಿಡಿ. ಹೋದ್ಸಲ ಹೊಗೆಕೊಳವೆಯ ಮಸಿಯೆಲ್ಲ ನನ್ನ ತಲೆ ಮೇಲೇ ಬಿದ್ದಿತ್ತು."

ಮರುದಿನ ಮಧ್ಯಾಹ್ನ ಹೌಗ್‌ಲಂಡ್ ಮನೆಗೆ ಹೋದೆ. ಶವವಿರುವ ಮನೆಯಲ್ಲಿ ಒಂದು ಸ್ತೋತ್ರ ಹಾಡಿ ಬರುವುದು ವಾಡಿಕೆ. ಗುನ್ವೋರ್ ಬಾಗಿಲು ತೆಗೆದಳು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಈಗ ಅವಳ ಕೂದಲಲ್ಲೂ ಬಿಳಿ ಕಾಣುತ್ತಿತ್ತು. ಬೆರ್ಗಿಟ್ ಹಾಸಿಗೆ ಹಿಡಿದಿದ್ದ ವರ್ಷಗಳು, ಆಮೇಲೆ ಟಾರ್ಯೆಯ ಕಣ್ಣು ಹೋದ ವರ್ಷಗಳು, ಎಲ್ಲ ಇವಳ ಕೈಯಲ್ಲೇ ಕಳೆದಿದ್ದವು.

ಹಜಾರದಲ್ಲಿ ಒಲೆ ಹಚ್ಚಿರಲಿಲ್ಲ. ನಾನು ಹಾಡಿದೆ, ಅವಳು ಬಾಗಿಲ ಬಳಿ ನಿಂತು ಕೇಳಿದಳು.

"ಹಾಲ್ವರ್ ಮಾವ, ಹಾಳೇಲಿ ನನ್ನ ಹೆಸರಿದೆಯಾ?"

ಸತ್ತವನ ಮುಂದೆ ಸುಳ್ಳಾಡುವಂತಿಲ್ಲ. "ಇದೆ."

"ಎಲ್ಲಿ?"

"ಬೆರ್ಗಿಟ್ ಹೆಸರಿನ ಪಕ್ಕ."

ಅವಳು ಕೈಯ ಹಿಟ್ಟನ್ನು ಬೆರಳಿಂದ ಬೆರಳಿಗೆ ತೀಡಿದಳು. "ಅದು ಅವಳದು. ಕಲ್ಲಿನ ಕೆಳಗಿರೋಳದು." ಆಮೇಲೆ: "ಕೆಳಗೆ?"

"ಕೆಳಗಿಲ್ಲ."

"ಅಪ್ಪ ಹೇಳಿದ್ರು, ಅಡುಗೆಮನೆ ಮೇಲಿನ ಕೋಣೆ ನಾನಿರೋವರೆಗೂ ನನ್ನದು ಅಂತ. ನಿಮ್ಮ ಮುಂದೇನೂ ಹೇಳಿದ್ರಲ್ಲ, ಜೋಳ ಬಿಡಿಸ್ವಾಗ?"

"ಹೇಳಿದ್ರು."

"ನೀವು ಅದನ್ನ ಓದ್ತೀರಾ?"

"ಬರೆದಿಲ್ಲದ್ದನ್ನ ನಾನು ಓದೋ ಹಾಗಿಲ್ಲಮ್ಮ."

ಅವಳು ತಲೆಯಾಡಿಸಿದಳು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. "ಬ್ರೆಡ್ಡು ಸೀದುಹೋಗತ್ತೆ," ಎಂದು ಒಳಗೆ ಹೋದಳು.

ನನ್ನ ತಾಯಿ ಓದು ಬಲ್ಲವಳಲ್ಲ. ಕೀರ್ತನೆಗಳೆಲ್ಲ ಅವಳಿಗೆ ಬಾಯಿಪಾಠ. ಹಾಲು ಕರೆಯುತ್ತ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಅವಸರದಲ್ಲಿ ಸಾಲಿಗೆ ಸಾಲು ಅಂಟಿಸಿ ಒಪ್ಪಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದಳು: "ಸಾಲು ಮುಗಿದಲ್ಲಿ ನಿಲ್ಲು. ನಿಲ್ಲೋದೂ ದೇವರ ಮಾತೇ." ಆ ದಿನ ಮಂಜಿನ ದಾರಿಯಲ್ಲಿ ಮನೆಗೆ ನಡೆಯುವಾಗ ಅದು ನೆನಪಾಯಿತು. ಆದರೆ ಅದರಿಂದ ಏನು ಮಾಡಬೇಕೆಂದು ಹೊಳೆಯಲಿಲ್ಲ. ದೇವರನ್ನು ಕೇಳಿದೆ. ಅವನೂ ಹಾಳೆಗೆ ಏನನ್ನೂ ಕೂಡಿಸಲಿಲ್ಲ.

ಶವಸಂಸ್ಕಾರದ ದಿನ ಚರ್ಚು ತುಂಬಿತ್ತು. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಒದ್ದೆ ಉಣ್ಣೆಯ ವಾಸನೆ. ಮುಂದಿನ ಬೆಂಚಿನಲ್ಲಿ ಐಲೆಫ್, ಅವನ ತಮ್ಮ ಶೂರ್. ಶೂರ್ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ಟೋಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚನ್ನು ತಿರುಗಿಸುತ್ತ ಕೂತಿದ್ದ. ಗುನ್ವೋರ್‌ಳನ್ನು ಐಲೆಫ್‌ನ ಹೆಂಡತಿ ಕೊನೆಯ ಬೆಂಚಿಗೆ ಕಳಿಸಿದ್ದಳು, ಕೆಳಗಿನ ಕೋಣೆಯ ಕಾಫಿ ಕೆಟಲುಗಳ ಮೇಲೆ ಕಣ್ಣಿರಲಿ ಎಂಬ ನೆಪದಲ್ಲಿ.

ಅದೇ ಕೊನೆಯ ಸಾಲಿನ ಗಂಡಸರ ಕಡೆಗೆ ಮಿಸ್ಟರ್ ಪೆಟಿಗ್ರೂ ಕೂತಿದ್ದ, ಕಾಲ್ಡರಿನ ವಾರಪತ್ರಿಕೆಯ ಸಂಪಾದಕ. ಇಂಗ್ಲಿಷಿನವನು, ನಮ್ಮ ನಾರ್ವೆ ಮಾತು ಅವನಿಗೆ ಒಂದಕ್ಷರ ಬಾರದು. ಆದರೂ ನಮ್ಮವರ ಸಾವಿನ ಸುದ್ದಿಯನ್ನು ಅವನು ತಪ್ಪಿಲ್ಲದೆ ಅಚ್ಚು ಹಾಕುತ್ತಿದ್ದ, ಯಾಕೆಂದರೆ ಅವನದೊಂದು ಉಪಾಯವಿತ್ತು. ಓದು ನಡೆಯುವಾಗ ಯಾರು ಎದ್ದು ನಿಲ್ಲುತ್ತಾರೋ ಅವರನ್ನು ಗುರುತು ಹಾಕಿಕೊಳ್ಳುವುದು, ಆಮೇಲೆ ಕಾಫಿ ಕುಡಿಯುವಾಗ ಹೋಗಿ ಹೆಸರು ಕೇಳಿಕೊಳ್ಳುವುದು. ಎದ್ದು ನಿಂತವರು ಮನೆಯವರು. ಅವನಿಗೆ ಅಷ್ಟು ಸಾಕಿತ್ತು.

ಪಾದ್ರಿಗಳು ಪ್ರಾರ್ಥನೆ ಮುಗಿಸಿ ನನ್ನ ಕಡೆ ನೋಡಿದರು. ನಾನು ಪೆಟ್ಟಿಗೆಯ ತಲೆಯ ಬಳಿ ನಿಂತು ಹಾಳೆ ಬಿಡಿಸಿದೆ. ಏನು ಮಾಡಬೇಕೆಂದು ತೀರ್ಮಾನಿಸಿ ನಾನು ಎದ್ದಿರಲಿಲ್ಲ. ಹುಟ್ಟಿದ ಊರು ಓದಿದೆ, ಹಡಗು ಓದಿದೆ. ಮಿಡತೆಯ ವರ್ಷಕ್ಕೆ ಬಂದಾಗ ಮುದುಕರು ತಲೆಯಾಡಿಸಿದರು. ಹಾಳೆಯಲ್ಲಿ ಸಾಲುಗಳು ಕಡಮೆಯಾಗುತ್ತ ಬಂದವು. ಐಲೆಫ್ ನನ್ನ ಬಾಯನ್ನೇ ನೋಡುತ್ತಿದ್ದ.

"ಅವರಿಗಿಂತ ಮುಂದೆ ಹೋದವರು," ಎಂದು ಓದಿದೆ, "ಪತ್ನಿ ಬೆರ್ಗಿಟ್."

ತಲೆಗಳು ಬಾಗಿದವು.

"ಮಗಳು ಗುನ್ವೋರ್."

ಇಲ್ಲಿ ನಿಲ್ಲುವ ರೂಢಿಯಿಲ್ಲ. ಮುಂದೆ ಹೋದವರಿಂದ ಉಳಿದವರಿಗೆ ದನಿ ಹಾಗೇ ಹರಿದುಹೋಗಬೇಕು. ನಾನು ನಿಂತೆ. ಸಾಲು ಮುಗಿದಿತ್ತು, ನಿಂತೆ, ಅಷ್ಟೆ. ಒಲೆಯಲ್ಲಿ ಒಂದು ಕೊರಡು ಜಾರಿ ಬಿತ್ತು. ಯಾವುದೋ ಮಗು ಕೆಮ್ಮಿತು, ತಾಯಿ ಅದರ ಮುಖವನ್ನು ಶಾಲಿನೊಳಗೆ ಎಳೆದುಕೊಂಡಳು. ಹಾಳೆಯ ಮುಂದಿನ ಮಾತು ಕಣ್ಣ ಮುಂದೆಯೇ ಇತ್ತು, ನಾಲಗೆ ಅದನ್ನು ಮುಟ್ಟಲಿಲ್ಲ. ಬಾಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಮುದುಕನಿಗೆ ಏನಾಯಿತೋ ಎಂಬಂತೆ ಪಾದ್ರಿಗಳು ನನ್ನ ಕಡೆ ವಾಲಿದರು. ಐಲೆಫ್‌ನ ಕುತ್ತಿಗೆ ಕಾಲರಿನ ಮೇಲೆ ನಿಧಾನವಾಗಿ ಕೆಂಪಾಗತೊಡಗಿತು. ಮಾರ್ತಾ ತನ್ನ ಸ್ತೋತ್ರ ಪುಸ್ತಕವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನೆಲ ನೋಡುತ್ತಿದ್ದಳು.

ಕೊನೆಯ ಬೆಂಚು ಕಿರುಗುಟ್ಟಿತು.

ಗುನ್ವೋರ್ ಎದ್ದು ನಿಂತಳು. ಕರಿಯ ಶಾಲು, ಎದೆಯ ಮೇಲೆ ಒಂದರ ಮೇಲೊಂದು ಇಟ್ಟ ಕೈ. ಅವಳು ಯಾರನ್ನೂ ನೋಡಲಿಲ್ಲ, ಪೆಟ್ಟಿಗೆಯನ್ನು ಮಾತ್ರ ನೋಡುತ್ತಿದ್ದಳು. ಸತ್ತವರ ಹೆಸರಿಗೆ ಆ ಚರ್ಚಿನಲ್ಲಿ ಅಲ್ಲಿಯವರೆಗೆ ಯಾರೂ ಎದ್ದವರಿಲ್ಲ. ಹೆಂಗಸರ ಕಡೆಯಿಂದ ಉಸಿರೆಳೆದ ಸದ್ದು ಬಂತು.

"ಓದು," ಎಂದ ಐಲೆಫ್, ತುಟಿ ಅಲ್ಲಾಡಿಸದೆ. ಮುಂದಿನ ಎರಡು ಸಾಲಿಗೆ ಕೇಳಿಸಿರಬೇಕು.

ಓದಿದೆ. "ಉಳಿದವರು ಮಗ ಐಲೆಫ್."

ಅವನು ಏಳಬೇಕಿತ್ತು. ಏಳಲಿಲ್ಲ. ಎದ್ದರೆ ಅವಳ ಜೊತೆ ನಿಂತಂತೆ. ಕೂತೇ ಇದ್ದರೆ ತಂದೆಯನ್ನು ಒಪ್ಪಿಸಲು ಹಿರಿಯ ಮಗನೇ ಇಲ್ಲದಂತೆ. ಅವನ ಕೈ ಬೆಂಚಿನ ಅಂಚನ್ನು ಹಿಡಿದಿತ್ತು. ಹಿಂದೆ ಒಬ್ಬಳೇ ನಿಂತ ಹೆಂಗಸಿನ ಕಾಲಕೆಳಗಿನ ಹಲಗೆ ಮತ್ತೆ ಸದ್ದು ಮಾಡಿತು. ಅವಳು ಈಗ ಕೂತುಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ದುಃಖದಲ್ಲಿ ಕಾಲು ತಪ್ಪಿತು ಎನ್ನುತ್ತಾರೆ, ಕಾಫಿ ಕೊಡುತ್ತಾರೆ, ಪಟ್ಟಣಕ್ಕೆ ಗಾಡಿ ಕಟ್ಟುತ್ತಾರೆ.

ಅವಳು ಕೂರಲಿಲ್ಲ.

"ಮಗ ಶೂರ್," ಎಂದು ಓದಿದೆ.

ಶೂರ್‌ನ ಟೋಪಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳದೆ ಎದ್ದ. ಎದ್ದವನು ಎಲ್ಲರೂ ಮಾಡುವಂತೆ ಪೆಟ್ಟಿಗೆಯ ಕಡೆ ಮುಖ ಮಾಡಲಿಲ್ಲ. ಹಿಂದೆ ತಿರುಗಿ ಕೊನೆಯ ಬೆಂಚಿನತ್ತ ನೋಡಿದ. ನೋಡಿ, ಮುಂದೆ ತಿರುಗಿದ. ಆಗ ಐಲೆಫ್ ಎದ್ದ, ಎಳೆದು ನಿಲ್ಲಿಸಿದ ಹೋರಿಯಂತೆ.

ಮೂವರು ನಿಂತಿದ್ದರು. ಓದು ಮುಗಿದಿತ್ತು, ನಾನು ಹಾಳೆ ಮಡಿಸಿದೆ. ಪೆಟಿಗ್ರೂನ ಪೆನ್ಸಿಲ್ ಚಲಿಸುವುದು ಅಷ್ಟು ದೂರದಿಂದಲೂ ಕಂಡಿತು.

ಕೆಳಗಿನ ಕೋಣೆಯಲ್ಲಿ ಕಾಫಿ, ಬೆಣ್ಣೆ ಸವರಿದ ಆಲೂಗಡ್ಡೆ ರೊಟ್ಟಿ, ಉಪ್ಪುಮೀನು. ಮಣ್ಣು ಮಾಡಿ ಬಂದವರು ಕೈ ಉಜ್ಜಿಕೊಳ್ಳುತ್ತಿದ್ದರು. ಗುನ್ವೋರ್ ಕೆಟಲು ಎತ್ತಿಕೊಂಡು ಬಟ್ಟಲಿಂದ ಬಟ್ಟಲಿಗೆ ಹೋಗುತ್ತಿದ್ದಳು. ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲ, ಆದರೆ ಎಲ್ಲರೂ ಬಟ್ಟಲು ಚಾಚುತ್ತಿದ್ದರು. ಪೆಟಿಗ್ರೂ ಅವಳ ಬಳಿಗೇ ಮೊದಲು ಬಂದ, ಮೊದಲು ಎದ್ದವಳು ಅವಳೇ ಆದ್ದರಿಂದ.

"ನಿಮ್ಮ ದುಃಖದಲ್ಲಿ ನಾನೂ ಭಾಗಿ, ಮೇಡಂ. ನಿಮ್ಮ ಹೆಸರು?"

ಮಾತುಗಳೆಲ್ಲ ಒಮ್ಮೆಗೇ ನಿಂತವು. ಇಂಗ್ಲಿಷು ಅಲ್ಪಸ್ವಲ್ಪ ಎಲ್ಲರಿಗೂ ತಿಳಿಯುತ್ತಿತ್ತು.

"ಗುನ್ವೋರ್."

"ಗುನ್ವೋರ್ ಹೌಗ್‌ಲಂಡ್?"

ಅವಳು ಕೆಟಲನ್ನು ಮೇಜಿನ ಮೇಲಿಟ್ಟಳು. ಪೆಟಿಗ್ರೂ ಕಾದು, ಪಕ್ಕದಲ್ಲಿದ್ದ ಐಲೆಫ್‌ನತ್ತ ತಿರುಗಿದ. "ನಿಮ್ಮ ತಂಗಿ, ಅಲ್ಲವೇ?"

ಐಲೆಫ್ ಬಾಯಿ ತೆರೆದ. ಅವನ ಸುತ್ತ ಟಾರ್ಯೆಯ ಜೊತೆ ಒಂದೇ ಹಡಗಿನಲ್ಲಿ ಬಂದ ಮುದುಕರಿದ್ದರು, ಬೆರ್ಗಿಟ್‌ಳನ್ನು ನೋಡಲು ಬಂದು ಗುನ್ವೋರ್ ಕೈಯಿಂದ ಕಾಫಿ ಕುಡಿದುಹೋಗಿದ್ದ ಹೆಂಗಸರಿದ್ದರು. ಹಾಳೆಯಲ್ಲಿ ಬರೆಯದೆ ಬಿಡುವುದು ಸುಲಭ. ಬಾಯಿಬಿಟ್ಟು 'ಅಲ್ಲ' ಎನ್ನಬೇಕಾದರೆ ಬೇರೆ ಗಂಟಲು ಬೇಕು. ಐಲೆಫ್ ಕೆಟ್ಟವನೇನಲ್ಲ. ಅವನ ಗಂಟಲಲ್ಲಿ ಆ ಮಾತು ಹುಟ್ಟಲಿಲ್ಲ.

"ಹೌದು," ಎಂದ ಶೂರ್, ಗೋಡೆಯ ಬಳಿಯಿಂದ. "ನಮ್ಮ ತಂಗಿ. ಬರ್ಕೊಳ್ಳಿ."

ಮುದುಕಿಯೊಬ್ಬಳು ತನ್ನ ಬಟ್ಟಲು ಚಾಚಿದಳು. "ಗುನ್ವೋರ್, ಇನ್ನೊಂಚೂರು ಹಾಕೇ. ನಿಮ್ಮಪ್ಪನೂ ಹಿಂಗೇ, ಅರ್ಧ ಬಟ್ಟಲೇ ಹಾಕ್ತಿದ್ದ, ಜುಗ್ಗ."

ಯಾರೋ ನಕ್ಕರು. ಮಾತು ಮತ್ತೆ ಶುರುವಾಯಿತು.

ಎಲ್ಲರೂ ಹೊರಟ ಮೇಲೆ ಗಂಟೆಯ ಹಗ್ಗ ಕಟ್ಟಿ ಹೊರಗೆ ಬಂದೆ. ಹೊಸ ಮಣ್ಣಿನ ಪಕ್ಕದ ಚಿಕ್ಕ ಕಲ್ಲಿನ ಮುಂದೆ ಗುನ್ವೋರ್ ಬಗ್ಗಿ, ಅದರ ಮೇಲಿನ ಹಿಮವನ್ನು ಬರಿಗೈಯಲ್ಲಿ ಒರೆಸುತ್ತಿದ್ದಳು. ಕಲ್ಲಿನ ಮೇಲೆ ಅವಳದೇ ಹೆಸರು.

"ಇವತ್ತು ಇವಳ ಜಾಗ ಎರವಲು ತಗೊಂಡೆ," ಎಂದಳು. "ಬೇಜಾರಾಗಿರ್ಬಹುದು ಇವಳಿಗೆ."

"ಆಗಿರಲ್ಲ."

"ಮಾವ, ಅಲ್ಲಿ ಯಾಕೆ ನಿಂತ್ರಿ?"

"ಉಸಿರು ತಗೊಂಡೆ."

"ಅಷ್ಟುದ್ದದ ಉಸಿರಾ?"

"ವಯಸ್ಸಾಯ್ತಲ್ಲ."

ಅವಳು ಎದ್ದು ಕೈಯನ್ನು ಶಾಲಿಗೆ ಒರೆಸಿಕೊಂಡಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಮುಖ ಆ ಕಡೆ ಇತ್ತು.

ಗುರುವಾರದ ಪತ್ರಿಕೆಯಲ್ಲಿ ಬಂತು: ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳನ್ನು ಅಗಲಿದ್ದಾರೆ. ವಕೀಲ ಅದನ್ನು ಕತ್ತರಿಸಿ ಇಟ್ಟುಕೊಂಡ. ಕೊಳ್ಳಲು ಬಂದವನು ಮೂರು ಸಹಿ ಕೇಳಿದ, ಎರಡೇ ಸಿಕ್ಕವು, ಬೇರೆ ಕಡೆ ನೆಲ ನೋಡಿಕೊಂಡು ಹೋದ. ಐಲೆಫ್ ನಮ್ಮ ಅಂಗಳಕ್ಕೆ ಬಂದು, ಗಾಡಿಯಿಂದ ಇಳಿಯದೆ, ಮನೆ ಬಿಡಿ ಎಂದು ಹೇಳಿ ಹೋದ. ಮಾರ್ತಾ ತಲೆಗೆ ಬಟ್ಟೆ ಕಟ್ಟಿಕೊಂಡು ಒಲೆಯ ಕೊಳವೆ ಬಿಚ್ಚತೊಡಗಿದಳು.

ಮಾರ್ಚ್ ಒಂದರ ಬೆಳಿಗ್ಗೆ ಗುನ್ವೋರ್ ಕೆಸರು ಹೊಲ ದಾಟಿ ಬಂದಳು. ಅಂಗಳದಲ್ಲಿ ಹೇರಿ ನಿಲ್ಲಿಸಿದ್ದ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು.

"ಮನೆ ಬಿಡಿ ಅನ್ನೋದಾದ್ರೆ ನಾವು ಮೂರು ಜನಾನೂ ಅನ್ಬೇಕಂತೆ. ಶೂರ್ ವಕೀಲರನ್ನ ಕೇಳ್ಕೊಂಡು ಬಂದ. ನಾನು ಅಂದಿಲ್ಲ."

ಮಾರ್ತಾ ಮಸಿ ಮುಖ ಎತ್ತಿದಳು. "ಇದನ್ನ ನಿನ್ನೆ ಹೇಳಕ್ಕಾಗ್ಲಿಲ್ವಾ, ಮಾರಾಯ್ತಿ?"

"ನಿನ್ನೆ ಬ್ರೆಡ್ಡು ಸುಡೋ ದಿನ," ಎಂದಳು ಗುನ್ವೋರ್, ಗಾಡಿಯಿಂದ ಕುರ್ಚಿಯೊಂದನ್ನು ಎಳೆದು ಇಳಿಸುತ್ತ.

ನೆಲ ನಮಗೆ ಉಳಿಯಿತು, ಅವಳಿಗೆ ಕೋಣೆ. ಆದರೆ ಚರ್ಚಿನ ಸಮಿತಿಯಲ್ಲಿ ಐಲೆಫ್‌ನ ಮಾತು ನಡೆಯುತ್ತಿತ್ತು. ಈಸ್ಟರಿನ ಹೊತ್ತಿಗೆ ಗಂಟೆಯ ಹಗ್ಗ, ಸ್ತೋತ್ರ, ಓದು ಎಲ್ಲ ಬೇರೊಬ್ಬನ ಕೈಗೆ ಹೋದವು. ಪಾದ್ರಿಗಳು ಬೇಸರದಿಂದಲೇ ಹೇಳಿದರು: ನಿನಗೆ ಉಸಿರು ಸಾಲುತ್ತಿಲ್ಲವಂತೆ ಹಾಲ್ವರ್. ನಾನು ಹೌದೆಂದೆ. ಈಗ ಗಂಡಸರ ಕಡೆ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ. ಹೊಸಬನ ದನಿ ಚೆನ್ನಾಗಿದೆ, ಆದರೆ ಅವಸರ. ಮುಂದೆ ಹೋದವರಿಂದ ಉಳಿದವರಿಗೆ ಎಲ್ಲೂ ನಿಲ್ಲದೆ ಹರಿದುಬಿಡುತ್ತಾನೆ. ಆಗೆಲ್ಲ ನನ್ನ ಮೊಣಕೈ ತಾನಾಗಿಯೇ ಅಲ್ಲಾಡುತ್ತದೆ. ಅದೇ ಸಾಲಿನ ಆ ತುದಿಯಲ್ಲಿ, ಹೆಂಗಸರ ಕಡೆ, ಗುನ್ವೋರ್ ತಲೆ ಬಾಗಿಸಿ ಕೂತಿರುತ್ತಾಳೆ. ಅವಳು ನನ್ನ ಕಡೆ ನೋಡುವುದಿಲ್ಲ, ನಗು ತಡೆದವಳಂತೆ ತುಟಿಯ ಅಂಚು ಮಾತ್ರ ಸ್ವಲ್ಪ ಬಿಗಿಯಾಗುತ್ತದೆ.